ಆಟ ನಿಂತ ಮೇಲಿನ ಮನಸ್ಸು: ಕ್ರೀಡಾ ನಿವೃತ್ತಿಗೆ ಬೇಕಾದ ಆಸರೆ

ನಿವೃತ್ತಿ ಎಂದೊಡನೆ ನಮಗೆ ನೆನಪಾಗುವುದು ಅರವತ್ತು ತುಂಬಿದ ಮೇಷ್ಟರಿಗೋ ಗುಮಾಸ್ತರಿಗೋ ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲ ಕೊಟ್ಟು, ನಾಲ್ಕು ಜನ ಒಳ್ಳೆಯ ಮಾತನಾಡಿ ಮನೆಯವರೆಗೆ ಬಿಟ್ಟು ಬರುವ ಬೀಳ್ಕೊಡುಗೆ. ಆ ದಿನ ಯಾವುದೆಂದು ಅವರಿಗೆ ಕೆಲಸಕ್ಕೆ ಸೇರಿದಂದೇ ಗೊತ್ತಿರುತ್ತದೆ. ಕೋಲಾರ ಜಿಲ್ಲೆಯ ಯಾವುದೋ ಹಳ್ಳಿಯಿಂದ ಹೊರಟು, ಕ್ರೀಡಾ ವಸತಿನಿಲಯ ಸೇರಿ, ರಾಜ್ಯ ತಂಡದವರೆಗೆ ಹೋಗಿ, ಇಪ್ಪತ್ತನಾಲ್ಕನೇ ವಯಸ್ಸಿಗೆ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಊರಿಗೆ ಮರಳುವ ಒಬ್ಬ ಕಬಡ್ಡಿ ಆಟಗಾರ್ತಿಯನ್ನು ಊಹಿಸಿಕೊಳ್ಳೋಣ. ಅವಳಿಗೆ ಬೀಳ್ಕೊಡುಗೆ ಇಲ್ಲ, ಶಾಲೂ ಇಲ್ಲ. ಅವಳು ನಿವೃತ್ತಳಾದಳೆಂದು ಯಾರೂ ಹೇಳುವುದೂ ಇಲ್ಲ. ಮುಂದಿನ ಸೆಲೆಕ್ಷನ್ ಪಟ್ಟಿಯಲ್ಲಿ ಅವಳ ಹೆಸರು ಇರುವುದಿಲ್ಲ, ಅಷ್ಟೆ.

ಕ್ರೀಡಾಪಟುಗಳ ನಿವೃತ್ತಿಯ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ಉದ್ಯೋಗ, ಮಾಸಾಶನ, ನಿವೇಶನಗಳ ಸುತ್ತಲೇ ನಡೆಯುತ್ತದೆ. ಅವೆಲ್ಲ ಅಗತ್ಯವೇ. ಆದರೆ ಕೆಲಸ ಸಿಕ್ಕ ಮೇಲೂ ನಿದ್ದೆ ಬಾರದ, ಟಿವಿಯಲ್ಲಿ ತನ್ನದೇ ಆಟ ಬಂದರೆ ಎದ್ದು ಹೊರಗೆ ಹೋಗುವ, ಹಳೆಯ ಗೆಳೆಯರ ಫೋನು ಎತ್ತದ ಆಟಗಾರರು ಇದ್ದಾರೆ. ಅವರಿಗೆ ಏನಾಗಿದೆ, ಅದಕ್ಕೆ ಯಾವ ಬಗೆಯ ನೆರವು ಇದೆ, ಆ ನೆರವು ಒಳಗಿನಿಂದ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುವ ಪ್ರಯತ್ನ ಮಾಡಿದ್ದೇನೆ.

ಮನಃಶಾಸ್ತ್ರದಲ್ಲಿ ಇದರ ಬೇರಿಗೆ ‘ಕ್ರೀಡಾ ಅಸ್ಮಿತೆ’ ಎಂಬ ಹೆಸರಿದೆ. ಒಬ್ಬ ವ್ಯಕ್ತಿ ತನ್ನನ್ನು ತಾನು ಎಷ್ಟರ ಮಟ್ಟಿಗೆ ‘ಆಟಗಾರ’ ಎಂಬ ಒಂದೇ ಪದದಿಂದ ಗುರುತಿಸಿಕೊಳ್ಳುತ್ತಾನೆ ಎಂಬುದೇ ಆ ಅಸ್ಮಿತೆ. ಅಮೆರಿಕದ ಸಂಶೋಧಕರಾದ ಬ್ರಿಟನ್ ಬ್ರೂವರ್, ಜೂಡಿ ವ್ಯಾನ್ ರಾಲ್ಟೆ ಮತ್ತು ಡಾರ್ವಿನ್ ಲಿಂಡರ್ 1993ರಲ್ಲಿ ಇದನ್ನು ಅಳೆಯುವ ಒಂದು ಮಾಪಕವನ್ನು ಪ್ರಕಟಿಸಿದರು. ನನ್ನ ಬದುಕಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕ್ರೀಡೆ, ನನ್ನ ಗೆಳೆಯರಲ್ಲಿ ಹೆಚ್ಚಿನವರು ಆಟಗಾರರೇ, ಗಾಯವಾಗಿ ಆಡಲಾಗದೆ ಹೋದರೆ ನಾನು ತೀರಾ ಕುಗ್ಗಿಹೋಗುತ್ತೇನೆ ಎಂಬಂಥ ಹೇಳಿಕೆಗಳನ್ನು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ ಎಂದು ಅದು ಕೇಳುತ್ತದೆ. ಆಡುವ ಕಾಲದಲ್ಲಿ ಈ ಅಸ್ಮಿತೆ ಗಟ್ಟಿಯಾಗಿರುವುದು ಲಾಭವೇ: ಬೆಳಗಿನ ಐದು ಗಂಟೆಯ ಚಳಿಯಲ್ಲಿ ಅಂತರಗಂಗೆಯ ಮೆಟ್ಟಿಲುಗಳನ್ನು ಓಡಿ ಹತ್ತಿಸುವುದು, ನೋವನ್ನು ನುಂಗಿಸುವುದು, ಹಬ್ಬಕ್ಕೂ ಮನೆಗೆ ಹೋಗದೆ ಕ್ಯಾಂಪಿನಲ್ಲಿ ಉಳಿಸುವುದು ಅದೇ. ಆಟ ನಿಂತ ದಿನ ಅದೇ ಗಟ್ಟಿತನ ತಿರುಗಿ ನಿಲ್ಲುತ್ತದೆ. ‘ನಾನು ಯಾರು’ ಎಂಬ ಪ್ರಶ್ನೆಗೆ ಹತ್ತು ವರ್ಷ ಇದ್ದ ಉತ್ತರ ಒಂದೇ ದಿನದಲ್ಲಿ ಇಲ್ಲವಾಗುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಹದಿಹರೆಯದಲ್ಲಿ ಮಕ್ಕಳು ನಾನಾ ದಾರಿಗಳನ್ನು ಪರೀಕ್ಷಿಸಿ ನೋಡಿ, ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟು, ಕೊನೆಗೆ ತಮ್ಮದೆನ್ನುವ ಗುರುತಿಗೆ ಬರುತ್ತಾರೆ. ಹಾಗೆ ಹುಡುಕಾಡುವ ಮೊದಲೇ ಒಂದೇ ಗುರುತಿಗೆ ಬದ್ಧವಾಗಿಬಿಡುವುದನ್ನು ಮನಃಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯ 1966ರಲ್ಲಿ ವಿವರಿಸಿದ್ದರು. ಎತ್ತರ ನೋಡಿ, ಓಟ ನೋಡಿ ಹನ್ನೆರಡು ಹದಿಮೂರರ ವಯಸ್ಸಿಗೇ ಆರಿಸಿಕೊಂಡು ಹೋಗುವ ವ್ಯವಸ್ಥೆಯಲ್ಲಿ ಇದು ಹೆಚ್ಚುಕಡಿಮೆ ಸಹಜವಾಗಿಯೇ ನಡೆಯುತ್ತದೆ. ತಪ್ಪು ಮಗುವಿನದ್ದಲ್ಲ, ಪಿಟಿ ಮೇಷ್ಟರು, ಮನೆಯವರು, ಊರು ಎಲ್ಲರೂ ಸೇರಿ ಆ ಒಂದು ಗುರುತನ್ನೇ ಮೆಚ್ಚಿ ಬೆಳೆಸಿರುತ್ತಾರೆ.

ಕೋಲಾರದವರಿಗೆ ಇದನ್ನು ಅರ್ಥ ಮಾಡಿಸಲು ದೂರದ ಉದಾಹರಣೆ ಬೇಡ. 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದಾಗ ಕಾರ್ಮಿಕರು ಕಳೆದುಕೊಂಡದ್ದು ಸಂಬಳವೊಂದನ್ನೇ ಆಗಿರಲಿಲ್ಲ. ವಾಸದ ಲೈನು ಗಣಿಯದ್ದು, ಆಸ್ಪತ್ರೆ ಗಣಿಯದ್ದು, ದಿನವನ್ನು ಮೂರು ಪಾಳಿಯಾಗಿ ಸೀಳುತ್ತಿದ್ದ ಸೈರನ್ನೂ ಗಣಿಯದ್ದು. ತಂದೆ, ತಾತಂದಿರ ಹೆಸರೂ ಆ ಸುರಂಗದ ಜೊತೆಗೇ ಸೇರಿಕೊಂಡಿತ್ತು. ಒಂದು ಎಳೆ ಎಳೆದರೆ ಇಡೀ ಬಟ್ಟೆ ಬಿಚ್ಚಿಕೊಳ್ಳುವಂತೆ ಎಲ್ಲವೂ ಒಟ್ಟಿಗೆ ಹೋಯಿತು. ಕ್ರೀಡಾ ವಸತಿನಿಲಯದಲ್ಲಿ ಬೆಳೆದವರ ಬದುಕಿನ ಹೆಣಿಗೆಯೂ ಹೀಗೆಯೇ ಇರುತ್ತದೆ. ಮಲಗುವ ಮಂಚ, ಮೂರು ಹೊತ್ತಿನ ಊಟ, ಏಳುವ ಸಮಯ, ಗೆಳೆತನ, ಬೈಯುವ ಮತ್ತು ಹೊಗಳುವ ಹಿರಿಯರು, ದಸರಾ ಕ್ರೀಡಾಕೂಟದಿಂದ ರಾಷ್ಟ್ರೀಯ ಟ್ರಯಲ್ಸ್‌ವರೆಗೆ ವರ್ಷವನ್ನು ಅಳೆಯುವ ಪಂಚಾಂಗ, ಎಲ್ಲವೂ ಆಟದ ಜೊತೆಗೇ ಬಂದದ್ದು. ಹೋಗುವಾಗ ಒಟ್ಟಿಗೇ ಹೋಗುತ್ತದೆ. ಹೀಗಾಗಿ ‘ಒಂದು ಆಟ ತಾನೆ, ಬಿಟ್ಟರಾಯಿತು’ ಎಂಬ ಸಮಾಧಾನ ಅವರ ಕಿವಿಗೆ ಬಿದ್ದರೂ ಎದೆಗೆ ಇಳಿಯುವುದಿಲ್ಲ.

ಆಟ ಹೇಗೆ ನಿಂತಿತು ಎಂಬುದರ ಮೇಲೆ ಬಹಳಷ್ಟು ನಿಂತಿದೆ. ವಯಸ್ಸು, ತಂಡದಿಂದ ಕೈಬಿಡುವುದು, ಗಾಯ, ಸ್ವಂತ ಇಚ್ಛೆ ಎಂದು ನಾಲ್ಕು ಕಾರಣಗಳನ್ನು ಸಾಮಾನ್ಯವಾಗಿ ಹೇಳುತ್ತಾರೆ. ಈ ವಿಷಯದ 126 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಿಂದ ಹೊರಟ ಮುಖ್ಯ ಚಿತ್ರವೆಂದರೆ, ತಾವಾಗಿ ತೀರ್ಮಾನಿಸಿ, ಮುಂಚಿತವಾಗಿ ಯೋಚಿಸಿ ಆಟ ಬಿಟ್ಟವರು ಹೊಸ ಬದುಕಿಗೆ ಸುಲಭವಾಗಿ ಹೊಂದಿಕೊಳ್ಳುತ್ತಾರೆ. ಹಠಾತ್ತಾಗಿ, ಇಷ್ಟವಿಲ್ಲದೆ ಹೊರಬಿದ್ದವರಿಗೆ, ಅದರಲ್ಲೂ ಕ್ರೀಡಾ ಅಸ್ಮಿತೆ ಗಟ್ಟಿಯಾಗಿದ್ದವರಿಗೆ, ಕಷ್ಟ ಹೆಚ್ಚು. ಕೆಲವು ಕ್ರೀಡಾಪಟುಗಳಿಗೆ ನಿವೃತ್ತಿಯೇ ದೊಡ್ಡ ಬಿಡುಗಡೆಯಾಗಿ ಬರುವುದೂ ಉಂಟು. ಅಂಥವರ ಮೇಲೆ ದುಃಖವನ್ನು ಹೇರಬೇಕಾಗಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ‘ಸ್ವಂತ ಇಚ್ಛೆ’ ಎಂಬ ಮಾತನ್ನು ಎಚ್ಚರಿಕೆಯಿಂದ ಓದಬೇಕು. ಮದುವೆ ಗೊತ್ತಾಯಿತು, ಗಂಡನ ಮನೆಯವರಿಗೆ ಇಷ್ಟವಿಲ್ಲ, ಮನೆಯಲ್ಲಿ ತಂಗಿಯ ಓದಿಗೆ ಹಣ ಬೇಕು ಎಂಬ ಕಾರಣಗಳಿಗೆ ಆಟ ಬಿಟ್ಟವಳು ಅರ್ಜಿಯಲ್ಲಿ ‘ವೈಯಕ್ತಿಕ ಕಾರಣ’ ಎಂದೇ ಬರೆಯುತ್ತಾಳೆ. ಕಾಗದದ ಮೇಲೆ ಅದು ಅವಳ ತೀರ್ಮಾನ. ಮನಸ್ಸಿನ ಲೆಕ್ಕದಲ್ಲಿ ಅದು ತಂಡದಿಂದ ಕೈಬಿಟ್ಟದ್ದಕ್ಕೆ ಸಮ, ಕೆಲವೊಮ್ಮೆ ಅದಕ್ಕಿಂತ ಭಾರ. ಏಕೆಂದರೆ ಸೆಲೆಕ್ಟರುಗಳ ಮೇಲೆ ಕೋಪಗೊಳ್ಳಬಹುದು, ಹೆತ್ತವರ ಮೇಲೆ ಕೋಪಗೊಂಡು ಅದೇ ಮನೆಯಲ್ಲಿ ಊಟ ಮಾಡುವುದು ಕಷ್ಟ.

ದೇಹಕ್ಕೂ ಇದರಲ್ಲಿ ಪಾಲಿದೆ. ವರ್ಷಗಟ್ಟಲೆ ದಿನಕ್ಕೆ ನಾಲ್ಕು ಗಂಟೆ ಅಭ್ಯಾಸ ಮಾಡಿದ ದೇಹವನ್ನು ಒಮ್ಮೆಲೇ ಕೂರಿಸಿದರೆ ಒಂದೆರಡು ವಾರದಲ್ಲೇ ಕಿರಿಕಿರಿ, ದಣಿವು, ನಿದ್ದೆಯ ಏರುಪೇರು, ಮಂಕು ಕಾಣಿಸಿಕೊಳ್ಳಬಹುದು. ಹಸಿವು ಮಾತ್ರ ಆಟಗಾರನದ್ದೇ ಆಗಿ ಉಳಿದಿರುತ್ತದೆ; ಮೂರು ಮುದ್ದೆಯ ಊಟ ಮುಂದುವರಿಯುತ್ತದೆ, ಓಟ ಇರುವುದಿಲ್ಲ. ಕನ್ನಡಿಯಲ್ಲಿ ಕಾಣುವ ಮೈ ತನ್ನದಲ್ಲ ಎನ್ನಿಸತೊಡಗುತ್ತದೆ. ಹಳೆಯ ಗಾಯದ ನೋವಿಗೆ ಆಡುವಾಗ ಒಂದು ಅರ್ಥವಿತ್ತು, ಈಗ ಅದು ಬರೀ ನೋವು. ಆದ್ದರಿಂದ ಅಭ್ಯಾಸವನ್ನು ಒಂದೇ ದಿನ ನಿಲ್ಲಿಸದೆ ತಿಂಗಳುಗಳ ಮೇಲೆ ಹಂತಹಂತವಾಗಿ ಇಳಿಸಬೇಕೆಂದು ಕ್ರೀಡಾ ವೈದ್ಯರು ಹೇಳುತ್ತಾರೆ, ಮತ್ತು ಮಾನಸಿಕ ನೆರವಿನ ಯೋಜನೆಯಲ್ಲೂ ಇದು ಮೊದಲ ಸಾಲಿನಲ್ಲೇ ಇರಬೇಕಾದದ್ದು. ನೋವಿನ ಮಾತ್ರೆ ಮತ್ತು ಮದ್ಯ, ಇವೆರಡರ ಪ್ರಮಾಣ ಸದ್ದಿಲ್ಲದೆ ಏರುತ್ತಿದೆಯೇ ಎಂದು ನೋಡುವುದೂ ಅಷ್ಟೇ ಮುಖ್ಯ.

ಎಷ್ಟು ಮಂದಿಗೆ ಹೀಗಾಗುತ್ತದೆ? 2019ರಲ್ಲಿ ಹಲವು ಅಧ್ಯಯನಗಳ ಅಂಕಿಗಳನ್ನು ಕೂಡಿಸಿ ನೋಡಿದ ಒಂದು ವಿಶ್ಲೇಷಣೆಯ ಪ್ರಕಾರ, ಉನ್ನತ ಮಟ್ಟದಲ್ಲಿ ಆಡಿ ನಿವೃತ್ತರಾದವರಲ್ಲಿ ಸುಮಾರು ಶೇ. 16ರಷ್ಟು ಮಂದಿಯಲ್ಲಿ ಮಾನಸಿಕ ಸಂಕಟದ ಲಕ್ಷಣಗಳೂ, ಸುಮಾರು ಶೇ. 26ರಷ್ಟು ಮಂದಿಯಲ್ಲಿ ಆತಂಕ ಅಥವಾ ಖಿನ್ನತೆಯ ಲಕ್ಷಣಗಳೂ ಕಂಡುಬಂದವು. ಇವು ಪ್ರಶ್ನಾವಳಿಗೆ ಕೊಟ್ಟ ಉತ್ತರಗಳಿಂದ ಅಳೆದ ಲಕ್ಷಣಗಳು, ವೈದ್ಯರು ಹೇಳಿದ ಕಾಯಿಲೆಯ ಹೆಸರುಗಳಲ್ಲ ಎಂಬುದನ್ನು ಗಮನದಲ್ಲಿ ಇಟ್ಟುಕೊಂಡು ಓದಬೇಕು. ಹಾಗಿದ್ದರೂ ನಾಲ್ವರಲ್ಲಿ ಒಬ್ಬರು ಎಂಬುದು ಸಣ್ಣ ಸಂಖ್ಯೆಯಲ್ಲ.

ಗೆಲುವು ಇದರಿಂದ ಕಾಪಾಡುತ್ತದೆ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ದೇಶಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದ ಅಭಿನವ್ ಬಿಂದ್ರಾ, ಆ ಗೆಲುವಿನ ನಂತರ ತಮ್ಮನ್ನು ಆವರಿಸಿದ ಶೂನ್ಯದ ಬಗ್ಗೆ ಬಹಿರಂಗವಾಗಿ ಮಾತನಾಡಿದ್ದಾರೆ. ನಮ್ಮ ಕರ್ನಾಟಕದ ಕ್ರಿಕೆಟಿಗ ರಾಬಿನ್ ಉತ್ತಪ್ಪ, 2009ರಿಂದ 2011ರ ನಡುವೆ ಖಿನ್ನತೆಯಿಂದ, ಸಾವಿನ ಯೋಚನೆಗಳಿಂದ ತಾವು ನರಳಿದ್ದನ್ನು 2020ರಲ್ಲಿ ಹೇಳಿಕೊಂಡರು. ಅವರು ಆಗ ಇನ್ನೂ ಆಡುತ್ತಿದ್ದರು; ಆದರೂ ಅವರ ಮಾತಿನ ಒಂದು ಎಳೆ ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ. ಪಂದ್ಯವಿದ್ದ ದಿನ ಹೇಗೋ ಕಳೆಯುತ್ತಿತ್ತು, ಪಂದ್ಯವಿಲ್ಲದ ದಿನಗಳು ಮತ್ತು ಋತುವಿನ ಬಿಡುವು ತೀರಾ ಕಠಿಣವಾಗಿದ್ದವು ಎಂಬುದು ಅವರ ಅನುಭವ. ನಿವೃತ್ತಿ ಎಂದರೆ ಎಲ್ಲ ದಿನಗಳೂ ಪಂದ್ಯವಿಲ್ಲದ ದಿನಗಳಾಗುವುದು. ಇಂಥ ದೊಡ್ಡ ಆಟಗಾರರು ಬಾಯಿ ಬಿಟ್ಟಿದ್ದರಿಂದ ಜಿಲ್ಲಾ ಮಟ್ಟದ ಹುಡುಗನೊಬ್ಬನಿಗೂ ‘ನನಗೂ ಹೀಗಾಗುತ್ತಿದೆ’ ಎನ್ನಲು ದಾರಿಯಾಗಿದೆ ಎಂದು ನಾನು ನಂಬಿದ್ದೇನೆ.

ಇನ್ನು ನೆರವಿನ ಮಾತು. ಆಪ್ತಸಮಾಲೋಚನೆ ಎಂದರೆ ಬುದ್ಧಿಮಾತು ಹೇಳುವುದು ಎಂಬ ಕಲ್ಪನೆ ನಮ್ಮಲ್ಲಿ ಬಲವಾಗಿದೆ. ನಿಜವಾದ ಕೆಲಸ ಅದಕ್ಕಿಂತ ನಿಧಾನವಾದದ್ದು, ಹೆಚ್ಚು ಶಿಸ್ತಿನದ್ದು. ಮೊದಲ ಒಂದೆರಡು ಭೇಟಿಗಳಲ್ಲಿ ಸಮಾಲೋಚಕರು ಬಹುಪಾಲು ಕೇಳಿಸಿಕೊಳ್ಳುತ್ತಾರೆ. ಅಮೆರಿಕದ ನ್ಯಾನ್ಸಿ ಶ್ಲಾಸ್‌ಬರ್ಗ್ 1981ರಲ್ಲಿ ರೂಪಿಸಿದ ಬದಲಾವಣೆಯ ಸಿದ್ಧಾಂತ ಇಲ್ಲಿ ಬಹಳ ಬಳಕೆಯಲ್ಲಿದೆ. ಸರಳವಾಗಿ ಹೇಳುವುದಾದರೆ ಅದು ಈ ವ್ಯಕ್ತಿಯ ಪರಿಸ್ಥಿತಿ ಎಂಥದ್ದು, ಅವನು ಸ್ವತಃ ಎಂಥವನು, ಅವನ ಬೆನ್ನಿಗೆ ಯಾರಿದ್ದಾರೆ, ಕಷ್ಟ ಬಂದಾಗ ಅವನು ಏನು ಮಾಡಿ ರೂಢಿ ಎಂಬುದನ್ನು ತಿಳಿದುಕೊಳ್ಳುವ ದಾರಿ. ನಮ್ಮ ಕಬಡ್ಡಿ ಆಟಗಾರ್ತಿಯ ಕಡೆಯಿಂದ ನೋಡಿದರೆ, ಪರಿಸ್ಥಿತಿ ಗಾಯದ್ದು ಮತ್ತು ಹಠಾತ್ತಾದದ್ದು. ಬೆನ್ನಿಗಿದ್ದ ಗೆಳತಿಯರೆಲ್ಲ ಇನ್ನೂ ಕ್ಯಾಂಪಿನಲ್ಲಿದ್ದಾರೆ. ಕಷ್ಟ ಬಂದಾಗ ಹಲ್ಲು ಕಚ್ಚಿ ಇನ್ನಷ್ಟು ಓಡುವುದೊಂದೇ ಅವಳಿಗೆ ಗೊತ್ತಿರುವ ಉಪಾಯ. ಆ ಉಪಾಯ ಈಗ ಅವಳ ಮೊಣಕಾಲಿಗೆ ನಿಷಿದ್ಧ. ಸಮಸ್ಯೆ ಎಲ್ಲಿದೆ ಎಂಬುದು ಇಷ್ಟರಲ್ಲೇ ಕಾಣತೊಡಗುತ್ತದೆ.

ನಂತರ ಕಳೆದುಕೊಂಡದ್ದಕ್ಕೆ ದುಃಖಿಸಲು ಅವಕಾಶ ಕೊಡಬೇಕು. ಸಾವಾದ ಮನೆಯಲ್ಲಿ ಹನ್ನೊಂದನೆಯ ದಿನ, ತಿಥಿ ಎಂದು ದುಃಖಕ್ಕೂ ಒಂದು ಕ್ರಮ ಇಟ್ಟುಕೊಂಡವರು ನಾವು. ಆಟ ಕಳೆದುಕೊಂಡವರಿಗೆ ಅಂಥ ಯಾವ ಕ್ರಮವೂ ಇಲ್ಲ. ಆದ್ದರಿಂದ ಅವಳ ಆಟದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಸುವುದು, ಬರೆಯಿಸುವುದು ಒಂದು ಮಾನ್ಯ ವಿಧಾನವಾಗಿದೆ. ಮಣ್ಣಿನ ಅಂಕಣದಲ್ಲಿ ಆಡಿದ ಮೊದಲ ಆಟ, ಹೊನಲು ಬೆಳಕಿನ ಪಂದ್ಯಾವಳಿಯ ಮೊದಲ ಕಪ್ಪು, ಕಾಲು ತಿರುಚಿದ ಆ ಒಂದು ರೈಡ್, ಆಸ್ಪತ್ರೆಯ ಮಂಚ, ಹೀಗೆ. ಹೇಳುತ್ತಾ ಹೇಳುತ್ತಾ ಕಥೆಗೆ ಒಂದು ಆಕಾರ ಬರುತ್ತದೆ. ‘ನನ್ನದೆಲ್ಲ ವ್ಯರ್ಥವಾಯಿತು’ ಎಂದು ಶುರುವಾದ ಮಾತು ಹಲವು ಭೇಟಿಗಳ ನಂತರ ‘ನಾನು ಹತ್ತು ವರ್ಷ ಚೆನ್ನಾಗಿ ಆಡಿದೆ, ಅದು ಮುಗಿಯಿತು’ ಎಂಬಲ್ಲಿಗೆ ಬಂದರೆ ದೊಡ್ಡ ದೂರ ನಡೆದಂತೆ.

ಅರಿವಿನ ವರ್ತನಾ ಚಿಕಿತ್ಸೆ ಎಂದು ಕರೆಯುವ ವಿಧಾನ ಇನ್ನೊಂದು ಕಡೆಯಿಂದ ಕೆಲಸ ಮಾಡುತ್ತದೆ. ‘ಊರಿನವರೆಲ್ಲ ನನ್ನನ್ನು ಸೋತವಳೆಂದು ನೋಡುತ್ತಾರೆ’ ಎಂಬ ಯೋಚನೆ ಬಂದಾಗ ಸಮಾಲೋಚಕರು ಅದನ್ನು ಸುಳ್ಳೆಂದು ತಳ್ಳಿಹಾಕುವುದಿಲ್ಲ. ಯಾರು, ಯಾವಾಗ, ಏನೆಂದರು ಎಂದು ವಿಚಾರಿಸುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರು ‘ಏನಮ್ಮಾ, ಈಗ ಆಡ್ತಿಲ್ವಾ?’ ಎಂದದ್ದು ಕುಹಕವೋ, ಬರೀ ಮಾತಿಗೆ ಮಾತೋ ಎಂದು ಅವಳೇ ತೂಗಿ ನೋಡುವಂತೆ ಮಾಡುತ್ತಾರೆ, ಮತ್ತು ಆ ಪ್ರಶ್ನೆಗೆ ಕೊಡಬಹುದಾದ ಒಂದು ಸಿದ್ಧ ಉತ್ತರವನ್ನು ಅವಳ ಬಾಯಲ್ಲೇ ರೂಪಿಸಿ ಅಭ್ಯಾಸ ಮಾಡಿಸುತ್ತಾರೆ. ಕೇಳಲು ಸಣ್ಣದೆನಿಸಿದರೂ, ಈ ಒಂದು ಪ್ರಶ್ನೆಗೆ ಹೆದರಿ ತಿಂಗಳುಗಟ್ಟಲೆ ಪೇಟೆಗೇ ಹೋಗದವರಿಗೆ ಅದು ಬಾಗಿಲು ತೆರೆದಂತೆ. ಜೊತೆಗೆ ದಿನಕ್ಕೆ ಒಂದು ಚೌಕಟ್ಟು ಹಾಕಿಕೊಡುತ್ತಾರೆ: ಏಳುವ ಹೊತ್ತು, ಗಾಯ ಒಪ್ಪುವಷ್ಟು ವ್ಯಾಯಾಮ, ದಿನಕ್ಕೊಬ್ಬರೊಡನೆ ಮಾತು.

ಮೂರನೆಯ ಕೆಲಸ ಗುರುತನ್ನು ಹಿಗ್ಗಿಸುವುದು. ಆಟದಲ್ಲಿ ಕಲಿತದ್ದು ಆಟಕ್ಕಷ್ಟೇ ಬರುತ್ತದೆ ಎಂದು ಹೆಚ್ಚಿನ ಆಟಗಾರರು ತಿಳಿದಿರುತ್ತಾರೆ. ಮೂವತ್ತು ಸೆಕೆಂಡಿನ ರೈಡ್‌ನಲ್ಲಿ ಏಳು ಜನರ ಕಾಲಿನ ಚಲನೆ ಓದುವುದು, ಸೋತ ಮರುದಿನ ಮತ್ತೆ ಬೆಳಗ್ಗೆ ಎದ್ದು ಬರುವುದು, ಕೋಚ್ ಎಲ್ಲರೆದುರು ಬೈದಾಗ ಅದರಲ್ಲಿರುವ ಸತ್ಯವನ್ನಷ್ಟೇ ತೆಗೆದುಕೊಳ್ಳುವುದು, ಇವು ನರಸಾಪುರದ ಕಾರ್ಖಾನೆಯ ಪಾಳಿಯಲ್ಲೂ, ತರಗತಿಯಲ್ಲೂ, ಸ್ವಂತ ಅಂಗಡಿಯಲ್ಲೂ ಬೇಕಾದ ಸಾಮರ್ಥ್ಯಗಳು. ಇದನ್ನು ಅವರೇ ಪಟ್ಟಿ ಮಾಡಿ ಕಣ್ಣಾರೆ ಓದಿಕೊಳ್ಳುವಂತೆ ಮಾಡುವುದು ಉದ್ಯೋಗ ಮಾರ್ಗದರ್ಶನವೂ ಹೌದು, ಚಿಕಿತ್ಸೆಯೂ ಹೌದು.

ಇದೆಲ್ಲ ಯಾರು ಮಾಡುತ್ತಾರೆ ಎಂಬ ಗೊಂದಲ ಸಹಜ. ಆಪ್ತಸಮಾಲೋಚಕರು ಮಾತಿನ ಮೂಲಕ ನೆರವಾಗುತ್ತಾರೆ. ಚಿಕಿತ್ಸಾ ಮನಃಶಾಸ್ತ್ರಜ್ಞರು ಅದಕ್ಕೆಂದೇ ಉನ್ನತ ತರಬೇತಿ ಪಡೆದು ಪರೀಕ್ಷೆ ಮತ್ತು ಚಿಕಿತ್ಸೆ ಎರಡನ್ನೂ ಮಾಡಬಲ್ಲವರು. ಮನೋವೈದ್ಯರು ಎಂಬಿಬಿಎಸ್ ಓದಿದ ವೈದ್ಯರಾದ್ದರಿಂದ ಅಗತ್ಯವಿದ್ದರೆ ಔಷಧವನ್ನೂ ಕೊಡುತ್ತಾರೆ. ಕ್ರೀಡಾ ಮನಃಶಾಸ್ತ್ರಜ್ಞರು ನಮ್ಮ ಜಿಲ್ಲೆಗಳಲ್ಲಿ ಸಿಗುವುದು ಕಷ್ಟ, ಆದರೆ ಅವರೇ ಬೇಕೆಂದು ಕಾಯುತ್ತಾ ಕೂರುವುದು ಸರಿಯಲ್ಲ. ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಮ್ಮವರು ಬಳಸಿಕೊಳ್ಳುವುದು ಕಡಿಮೆ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಇದರ ಬಗ್ಗೆ ವಿಚಾರಿಸಬಹುದು. ಟಮಕದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ಮನೋವೈದ್ಯಕೀಯ ವಿಭಾಗವಿದೆ. ಮನೆಯಿಂದ ಹೊರಡುವ ಮನಸ್ಸೇ ಇಲ್ಲದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ಹೇಳಿದ್ದು ಊರಿಗೆಲ್ಲ ಗೊತ್ತಾಗಿಬಿಡುತ್ತದೆ ಎಂಬ ಭಯ ಬಹಳ ಮಂದಿಯದ್ದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿ ಇಡಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ.

ಮಂಕು, ನಿರಾಸಕ್ತಿ, ನಿದ್ದೆಗೇಡು ಎರಡು ವಾರ ದಾಟಿಯೂ ದಿನದ ಹೆಚ್ಚಿನ ಹೊತ್ತು ಉಳಿದರೆ ವೈದ್ಯರನ್ನು ಕಾಣಬೇಕು. ‘ಇದ್ದೇನು ಪ್ರಯೋಜನ’ ಎಂಬಂಥ ಮಾತು ಬಾಯಿಗೆ ಬಂದರೆ ಎರಡು ವಾರ ಕಾಯುವಂತಿಲ್ಲ, ಅಂದೇ ಕರೆ ಮಾಡಬೇಕು, ಅವರನ್ನು ಒಂಟಿಯಾಗಿ ಬಿಡಬಾರದು. ಖಿನ್ನತೆಗೆ ಔಷಧ ಕೊಟ್ಟರೆ ಅದರ ಪರಿಣಾಮ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಮೂರನೆಯ ದಿನ ‘ಏನೂ ಆಗಲಿಲ್ಲ’ ಎಂದು ನಿಲ್ಲಿಸಬಾರದು.

ಹಣದ ಚಿಂತೆ ಇದ್ದಾಗ ಮಾತಿನ ಚಿಕಿತ್ಸೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ ಎಂಬುದೂ ನಿಜ. ಕೇಂದ್ರದ ಕ್ರೀಡಾ ಪಿಂಚಣಿ ಒಲಿಂಪಿಕ್ಸ್, ಏಷ್ಯನ್ ಕ್ರೀಡಾಕೂಟದಂಥ ದೊಡ್ಡ ಕೂಟಗಳಲ್ಲಿ ಪದಕ ಗೆದ್ದು, ಆಟ ಬಿಟ್ಟು, ಮೂವತ್ತು ದಾಟಿದವರಿಗೆ. ರಾಜ್ಯ ತಂಡದ ಆಟಗಾರ್ತಿಗೆ ಅದು ಎಟುಕದು. ಆದರೆ 2024ರ ಆಗಸ್ಟ್ 29ರಂದು, ರಾಷ್ಟ್ರೀಯ ಕ್ರೀಡಾ ದಿನದಂದು, ಕೇಂದ್ರ ಕ್ರೀಡಾ ಸಚಿವಾಲಯ ಆರಂಭಿಸಿದ ‘ರೀಸೆಟ್’ ಎಂಬ ತರಬೇತಿ ಯೋಜನೆ 20ರಿಂದ 50 ವರ್ಷದ ನಿವೃತ್ತ ಕ್ರೀಡಾಪಟುಗಳಿಗಾಗಿ ಇದ್ದು, ರಾಜ್ಯ ಮಟ್ಟದಲ್ಲಿ ಆಡಿದವರನ್ನೂ, ಹನ್ನೆರಡನೇ ತರಗತಿ ಮುಗಿಸದವರನ್ನೂ ಒಳಗೊಳ್ಳುತ್ತದೆ. ಗ್ವಾಲಿಯರ್‌ನ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಸಂಸ್ಥೆ ಇದನ್ನು ಮುನ್ನಡೆಸುತ್ತಿದೆ. ಗಾಯದಿಂದ ಮನೆಯಲ್ಲಿ ಕುಳಿತವರಿಗೆ ಇದರ ಅರ್ಜಿ ತುಂಬಲು ಜೊತೆಗೆ ಕೂರುವುದು ಗೆಳೆಯರು ಮಾಡಬಹುದಾದ ಒಳ್ಳೆಯ ಸಹಾಯ.

ಆದರೂ ನನ್ನ ದೃಢವಾದ ಅಭಿಪ್ರಾಯವೆಂದರೆ, ಈ ನೆರವು ನಿವೃತ್ತಿಯ ನಂತರ ಆರಂಭವಾದರೆ ತಡವಾದಂತೆಯೇ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಕ್ರೀಡಾಪಟುಗಳ ಮಾನಸಿಕ ಆರೋಗ್ಯ ಪರೀಕ್ಷೆಗೆಂದು ರೂಪಿಸಿರುವ ಸಾಧನವನ್ನು 16 ದಾಟಿದ ಆಟಗಾರರಿಗೆ ಋತುವಿನ ಆರಂಭದಲ್ಲಿ, ಗಾಯವಾದಾಗ, ದೊಡ್ಡ ಕೂಟ ಮುಗಿದಾಗ, ಆಟ ಬಿಡುವ ಹಂತದಲ್ಲಿ ಬಳಸಬೇಕೆಂದು ಹೇಳಲಾಗಿದೆ. ಅದರ ಮೊದಲ ಹಂತ ಹತ್ತೇ ಪ್ರಶ್ನೆಗಳದ್ದು. ಜಿಲ್ಲೆಯ ಒಂದು ಕ್ರೀಡಾ ವಸತಿನಿಲಯದಲ್ಲಿ ಇಂಥದ್ದನ್ನು ಅಳವಡಿಸಲು ಕಟ್ಟಡ ಬೇಡ, ದೊಡ್ಡ ಅನುದಾನ ಬೇಡ; ಜಿಲ್ಲಾ ಮಾನಸಿಕ ಆರೋಗ್ಯ ತಂಡದವರು ತಿಂಗಳಿಗೊಮ್ಮೆ ಬಂದು ಹೋದರೆ ಸಾಕು. ಜೊತೆಗೆ ವಾರದಲ್ಲಿ ಒಂದೆರಡು ಗಂಟೆ ಆಟಕ್ಕೆ ಸಂಬಂಧವೇ ಇಲ್ಲದ ಏನನ್ನಾದರೂ, ಹೊಲಿಗೆಯೋ ಕಂಪ್ಯೂಟರೋ ತಬಲವೋ, ಮಕ್ಕಳು ತಾವೇ ಆರಿಸಿಕೊಂಡು ಕಲಿಯಬೇಕು. ಇದರಿಂದ ಏಕಾಗ್ರತೆ ಕೆಡುತ್ತದೆ ಎಂದು ಕೆಲವು ಕೋಚ್‌ಗಳು ಆತಂಕ ಪಡುತ್ತಾರೆ. ಆಟವೊಂದೇ ಆಧಾರವಾದ ಹುಡುಗಿಗೆ ಪ್ರತಿ ಟ್ರಯಲ್ಸೂ ಜೀವನ್ಮರಣದ ಪ್ರಶ್ನೆಯಾಗುತ್ತದೆ. ಇನ್ನೊಂದು ಆಧಾರವಿದ್ದವಳು ಅಂಕಣಕ್ಕೆ ಹಗುರವಾಗಿ ಇಳಿಯುತ್ತಾಳೆ ಎಂಬುದನ್ನು ಅವರಿಗೆ ತಾಳ್ಮೆಯಿಂದ ವಿವರಿಸಬೇಕು.

ಆಟದ ಹತ್ತಿರ ಮರಳುವುದು ಯಾವಾಗ ಎಂಬ ಪ್ರಶ್ನೆ ಕೊನೆಗೆ ಎಲ್ಲರೂ ಕೇಳುವಂಥದ್ದು. ಬಿಟ್ಟ ತಕ್ಷಣ ಕೋಚಿಂಗ್‌ಗೆ ಇಳಿದರೆ ಕೆಲವರಿಗೆ ಗಾಯ ಮಾಯುತ್ತದೆ, ಕೆಲವರಿಗೆ ಇನ್ನಷ್ಟು ಕೆರೆದಂತಾಗುತ್ತದೆ. ಇದಕ್ಕೆ ಎಲ್ಲರಿಗೂ ಒಪ್ಪುವ ಗಡುವಿಲ್ಲ. ಸಮಾಲೋಚಕರು ಇದನ್ನು ಸಣ್ಣ ಅಳತೆಯಲ್ಲಿ ಪರೀಕ್ಷಿಸಿ ನೋಡುತ್ತಾರೆ. ನಮ್ಮ ಆಟಗಾರ್ತಿ ಪಕ್ಕದ ಊರಿನ ಹೊನಲು ಬೆಳಕಿನ ಪಂದ್ಯಾವಳಿಗೆ ಒಂದು ಸಂಜೆಯ ಮಟ್ಟಿಗೆ ತೀರ್ಪುಗಾರ್ತಿಯಾಗಿ ಹೋಗಿ ಬರಲಿ ಎನ್ನುತ್ತಾರೆ. ಮುಂದಿನ ಭೇಟಿಯಲ್ಲಿ ಅವರು ಮೊದಲು ಕೇಳುವುದು ಪಂದ್ಯ ಯಾರು ಗೆದ್ದರು ಎಂದಲ್ಲ, ಮನೆಗೆ ಬಂದ ಮೇಲೆ ಆ ರಾತ್ರಿ ಅವಳಿಗೆ ನಿದ್ದೆ ಬಂತೇ ಎಂದು.